ಇಂಪ್ಲಾಂಟ್ ಹಲ್ಲು: ಕಂಪನಿ ನೋಡಬೇಕೋ, ಮೂಳೆ ನೋಡಬೇಕೋ?

ಹೊಳೆನರಸೀಪುರದವನು

ಅಮ್ಮನಿಗೆ 61 ವರ್ಷ. ಕೆಳದವಡೆಯಲ್ಲಿ ಎಡಗಡೆಯ ಎರಡು ದವಡೆಹಲ್ಲುಗಳನ್ನು ಕೀಳಿಸಿ ಎರಡು ವರ್ಷದ ಮೇಲಾಯಿತು. ‘ಮುದ್ದೆ ನುಂಗುವವರಿಗೆ ಹಲ್ಲೇಕೆ’ ಎಂದು ಇಷ್ಟು ದಿನ ತಳ್ಳಿಹಾಕುತ್ತಿದ್ದರು. ಒಂದೇ ಕಡೆ ಅಗಿದು ಅಗಿದು ಈಗ ಬಲಗಡೆಯೂ ನೋಯತೊಡಗಿದೆ. ಹಾಗಾಗಿ ಇಂಪ್ಲಾಂಟ್‌ಗೆ, ಅಂದರೆ ದವಡೆಯ ಮೂಳೆಗೆ ಲೋಹದ ಸ್ಕ್ರೂ ಇಳಿಸಿ ಅದರ ಮೇಲೆ ಹಲ್ಲಿನ ಕ್ಯಾಪ್ ಕೂರಿಸುವುದಕ್ಕೆ, ಒಪ್ಪಿದ್ದಾರೆ.

ಹಾಸನದಲ್ಲಿ ಎರಡು ಕಡೆ ವಿಚಾರಿಸಿದೆವು. ಮೊದಲನೆಯವರು ಬಾಯಿ ನೋಡಿ, ಸಣ್ಣದೊಂದು ಎಕ್ಸ್‌ರೇ ತೆಗೆದು, ‘ಸ್ವಿಸ್ ಕಂಪನಿಯದು ಹಾಕೋಣ, ಜೀವಮಾನದ ಗ್ಯಾರಂಟಿ ಕಾರ್ಡ್ ಕೊಡುತ್ತೇವೆ’ ಎಂದು ಒಂದಕ್ಕೆ 48 ಸಾವಿರ ಹೇಳಿದರು. ಎರಡನೆಯವರದು ಕೊರಿಯಾದ್ದು, ಒಂದಕ್ಕೆ 28 ಸಾವಿರ. ಆದರೆ ಅವರು ಸ್ಕ್ಯಾನ್ ಬೇಕು, ಸಕ್ಕರೆಯ ಪರೀಕ್ಷೆ ಬೇಕು, ವಸಡು ಮೊದಲು ಸರಿಯಾಗಬೇಕು ಎಂದು ಪಟ್ಟಿ ಕೊಟ್ಟು ಕಳುಹಿಸಿದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಊಟವಾದ ಮೇಲೆ ಎಲೆಅಡಿಕೆ ಬೇಕೇ ಬೇಕು. ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಹಲ್ಲು ಆಗಿಬಿಡಬೇಕು ಎಂಬ ಆತುರ ಬೇರೆ. ತಮ್ಮನಂತೂ ಗ್ಯಾರಂಟಿ ಇರುವ ಕಡೆಯೇ ಹಾಕಿಸೋಣ ಎನ್ನುತ್ತಾನೆ. ಇಂಪ್ಲಾಂಟ್ ನಿಲ್ಲುವುದು, ಬೀಳುವುದು ನಿಜವಾಗಿ ಯಾವುದರಿಂದ? ತಿಳಿದವರು ಹೇಳಿ.

ಬಿ.ಎಂ. ರಸ್ತೆ

ಸ್ವಿಸ್. ಅಮ್ಮನ ವಿಷಯದಲ್ಲಿ ಇಪ್ಪತ್ತು ಸಾವಿರಕ್ಕೆ ಲೆಕ್ಕ ಹಾಕುತ್ತಾರೆಯೇ?

ನಿವೃತ್ತ ಗುಮಾಸ್ತ

ಷರತ್ತುಗಳನ್ನು ಓದಿಯೇ ಸಂಬಳ ತಿಂದವನು ನಾನು. ನನ್ನ ಭಾವಮೈದುನನಿಗೆ ಕೊಟ್ಟ ಇಂತಹದೇ ಕಾರ್ಡನ್ನು ಹಿಂದೆಮುಂದೆ ಓದಿದ್ದೇನೆ. ಗ್ಯಾರಂಟಿ ಇರುವುದು ಲೋಹದ ಸ್ಕ್ರೂಗೆ. ಅದು ಮುರಿದರೆ ಅಥವಾ ಕಿತ್ತುಬಂದರೆ ಕಂಪನಿ ವೈದ್ಯರಿಗೆ ಇನ್ನೊಂದು ಸ್ಕ್ರೂ ಕೊಡುತ್ತದೆ, ಅಷ್ಟೆ. ಮತ್ತೆ ಕೊಯ್ಯುವ ಖರ್ಚು, ಮೂಳೆ ತುಂಬಿಸುವ ಖರ್ಚು, ಹೊಸ ಕ್ಯಾಪ್, ಪಟ್ಟ ಪಾಡು, ಇದ್ಯಾವುದೂ ಅದರೊಳಗೆ ಬರುವುದಿಲ್ಲ. ಜೊತೆಗೆ ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ, ವಸಡಿನ ರೋಗ, ತಪಾಸಣೆಗೆ ಬಾರದಿರುವುದು, ಇವುಗಳಲ್ಲಿ ಯಾವುದಿದ್ದರೂ ಕಾರ್ಡ್ ನಡೆಯುವುದಿಲ್ಲ ಎಂದು ಹಿಂಬದಿಯ ಸಣ್ಣ ಅಕ್ಷರದಲ್ಲಿತ್ತು. ಅಂದರೆ ಇಂಪ್ಲಾಂಟ್ ಯಾವ ಯಾವ ಕಾರಣಕ್ಕೆ ಬೀಳುತ್ತದೆಯೋ ಅವನ್ನೆಲ್ಲ ಹೊರಗಿಟ್ಟು, ಉಳಿದದ್ದಕ್ಕೆ ಗ್ಯಾರಂಟಿ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಸಣ್ಣ ಅಕ್ಷರದಲ್ಲೇ ಇದೆ.

ದಂತವೈದ್ಯೆ, ಹಾಸನ

ನಾನೂ ಇಂಪ್ಲಾಂಟ್ ಹಾಕುವವಳೇ. ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋಗಿ ಎಂದು ಇಲ್ಲಿ ಹೇಳುವುದಿಲ್ಲ. ಬಾಯಿ ನೋಡದೆ ಚಿಕಿತ್ಸೆಯನ್ನೂ ಹೇಳುವುದಿಲ್ಲ. ಆದರೆ ಪಟ್ಟಿ ಕೊಟ್ಟು ಕಳುಹಿಸಿದವರ ಮೇಲೆ ಸಿಟ್ಟಾಗಬೇಡಿ, ಅವರು ಕೇಳಬೇಕಾದದ್ದನ್ನೇ ಕೇಳಿದ್ದಾರೆ.

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ. ಅದು ಕರಗುತ್ತಾ ಹೋಗುತ್ತದೆ. 2003ರಲ್ಲಿ ಪ್ರಕಟವಾದ, ಇಂದಿಗೂ ನಾವು ನೆಚ್ಚಿಕೊಳ್ಳುವ ಅಧ್ಯಯನವೊಂದರ ಪ್ರಕಾರ ದವಡೆಹಲ್ಲಿನ ಜಾಗದ ಮೂಳೆ ಒಂದು ವರ್ಷದಲ್ಲಿ ಅಗಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ. ನಿಮ್ಮ ತಾಯಿಯವರದು ಎರಡು ವರ್ಷ ದಾಟಿದೆ. ಸಣ್ಣ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಕೆನ್ನೆಯ ಕಡೆಯಲ್ಲೂ ನಾಲಿಗೆಯ ಕಡೆಯಲ್ಲೂ ಸ್ಕ್ರೂವಿನ ಸುತ್ತ ಮೂಳೆ ಉಳಿಯಬೇಕು. ಕೆನ್ನೆಯ ಕಡೆ ಒಂದೂವರೆಯಿಂದ ಎರಡು ಮಿಲಿಮೀಟರ್ ಇಲ್ಲದಿದ್ದರೆ ಮುಂದೆ ಅಲ್ಲಿ ಮೂಳೆ ಸವೆದು, ವಸಡು ಇಳಿದು, ಲೋಹ ಹೊರಗೆ ಕಾಣುತ್ತದೆ. ಕೆಳದವಡೆಯ ಒಳಗೆ ತುಟಿಗೂ ಗಲ್ಲಕ್ಕೂ ಹೋಗುವ ನರದ ಕೊಳವೆಯಿದೆ. ಅದರಿಂದ ಕನಿಷ್ಠ ಎರಡು ಮಿಲಿಮೀಟರ್ ದೂರ ಕಾಯ್ದುಕೊಳ್ಳಬೇಕು. ತಪ್ಪಿದರೆ ತುಟಿ ಜೋಮು ಹಿಡಿದು ಹಾಗೆಯೇ ಉಳಿಯಬಹುದು. ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಕೇಳುವುದು ಇದಕ್ಕೆ, ಬಿಲ್ ಹೆಚ್ಚಿಸುವುದಕ್ಕಲ್ಲ.

ಮೂಳೆಯ ಗುಣವೂ ಎಲ್ಲ ಕಡೆ ಒಂದೇ ಅಲ್ಲ. 1985ರಿಂದ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತೇವೆ. ಕೆಳದವಡೆಯ ಮುಂಭಾಗ ಅತಿ ಗಟ್ಟಿ, ಮೇಲ್ದವಡೆಯ ಹಿಂಭಾಗ ಅತಿ ಮೆದು. ಇಂಪ್ಲಾಂಟ್ ಹೆಚ್ಚು ಬೀಳುವುದು ಆ ಮೆದು ಜಾಗದಲ್ಲಿ. ನಿಮ್ಮ ತಾಯಿಯವರದು ಕೆಳಗಿನದು, ಆ ಮಟ್ಟಿಗೆ ಅದೃಷ್ಟ. ಅತಿ ಗಟ್ಟಿಯಾಗಿದ್ದರೂ ಬೇರೆ ತಾಪತ್ರಯವಿದೆ: ಅಲ್ಲಿ ರಕ್ತ ಸಂಚಾರ ಕಡಿಮೆ, ಕೊರೆಯುವಾಗ ಬಿಸಿ ಹೆಚ್ಚು.

ಕಂಪನಿಯ ಪ್ರಶ್ನೆ ಇದೆಲ್ಲ ಮುಗಿದ ಮೇಲೆ ಬರುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು

ವೈದ್ಯರು ಮೂಳೆಯ ಕಡೆಯಿಂದ ಹೇಳಿದರು, ನಾನು ಲೋಹದ ಕಡೆಯಿಂದ ಹೇಳುತ್ತೇನೆ. ಲೋಹಶಾಸ್ತ್ರ ಕಲಿಸಿದವನು, ಬಾಯಲ್ಲಿ ಎರಡು ಇಂಪ್ಲಾಂಟ್ ಇರುವವನು.

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್ ಇಂಗ್ವರ್ ಬ್ರೊನೆಮಾರ್ಕ್ ಎಂಬ ವೈದ್ಯ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಇಟ್ಟಿದ್ದ. ಹಲ್ಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೊನೆಗೆ ತೆಗೆಯಲು ಹೋದರೆ ಬರಲಿಲ್ಲ, ಮೂಳೆ ಅದಕ್ಕೆ ಅಂಟಿಕೊಂಡುಬಿಟ್ಟಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ತಾ ಲಾರ್ಸನ್ ಎಂಬಾತನಿಗೆ ಮೊದಲ ಬಾರಿಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದ. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಅವು ಬಾಯಲ್ಲಿ ಕೆಲಸ ಮಾಡುತ್ತಿದ್ದವು.

ಟೈಟಾನಿಯಂ ಗಾಳಿಗೆ ಸೋಕಿದ ಕ್ಷಣವೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಮೂಳೆಯ ಜೀವಕೋಶಗಳು ಮುಟ್ಟುವುದು ಆ ಪದರವನ್ನು, ಲೋಹವನ್ನಲ್ಲ. ಗೀಚಿದರೆ ಮತ್ತೆ ಅದೇ ಕಟ್ಟಿಕೊಳ್ಳುತ್ತದೆ. ಹಳೆಯ ಇಂಪ್ಲಾಂಟ್‌ಗಳ ಮೈ ನುಣುಪಾಗಿತ್ತು. ಈಗ ಮರಳು ಹಾಯಿಸಿ, ಆಮ್ಲದಲ್ಲಿ ತೊಳೆದು, ಒಂದೆರಡು ಮೈಕ್ರೋಮೀಟರ್ ಒರಟು ಮಾಡುತ್ತಾರೆ. ಆ ಒರಟು ಮೈಯ ಮೇಲೆ ಮೂಳೆ ಬೇಗ ಬೆಳೆಯುತ್ತದೆ. ಇನ್ನೂ ಒರಟಾದರೆ ಒಳ್ಳೆಯದಲ್ಲವೇ ಎಂದರೆ, ಅಲ್ಲ. ವಸಡು ಇಳಿದು ಆ ಭಾಗ ಬಾಯಿಗೆ ತೆರೆದುಕೊಂಡರೆ ಕೊಳೆಗೂ ಅಷ್ಟೇ ಭದ್ರವಾದ ಹಿಡಿತ ಸಿಗುತ್ತದೆ.

ಸ್ವಿಸ್, ಸ್ವೀಡನ್, ಕೊರಿಯಾ, ಇಸ್ರೇಲ್, ಎಲ್ಲಿಯದಾದರೂ ಹೆಸರುವಾಸಿ ಕಂಪನಿಗಳ ಲೋಹ ಹೆಚ್ಚೂಕಡಿಮೆ ಒಂದೇ ದರ್ಜೆಯದು. ಮೈ ಒರಟು ಮಾಡುವ ವಿಧಾನದಲ್ಲಿ, ಕ್ಯಾಪ್ ಕೂರುವ ಕೀಲಿನಲ್ಲಿ, ಹಿಂದಿರುವ ದೀರ್ಘಕಾಲದ ಅಧ್ಯಯನಗಳಲ್ಲಿ ವ್ಯತ್ಯಾಸವಿದೆ, ಅದಕ್ಕೆ ಬೆಲೆಯೂ ಇದೆ. ಆದರೆ ಹೆಸರೇ ಕೇಳದ, ಹತ್ತು ವರ್ಷದ ದಾಖಲೆಯಿಲ್ಲದ ಅಗ್ಗದ ಮಾಲನ್ನು ನಾನಂತೂ ದವಡೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಕೊರೆಯುವ ಬಿಸಿಯ ವಿಷಯ ಬಂತು. 1983ರಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಮೂಳೆಯನ್ನು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇಟ್ಟರೆ ಸಾಕು, ಅದು ಹಾಳಾಗುತ್ತದೆ ಎಂದು ಕಂಡಿತು. ಮೈಯ ಬಿಸಿ 37. ನಡುವೆ ಇರುವುದು ಹತ್ತೇ ಡಿಗ್ರಿ! ಮೊಂಡಾದ ಡ್ರಿಲ್, ಆತುರದ ಕೈ, ಸಾಲದ ಸಲೈನ್ ನೀರು ಸೇರಿದರೆ ಆ ಗಡಿ ದಾಟುವುದು ಏನೂ ಕಷ್ಟವಿಲ್ಲ. ಆಗ ಸ್ಕ್ರೂ ಯಾವ ದೇಶದ್ದಾದರೇನು?

ಬಿ.ಎಂ. ರಸ್ತೆ

ಮೇಷ್ಟ್ರೇ, ಡ್ರಿಲ್ ಮೊಂಡಾಗಿದೆಯೇ ಎಂದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವನು ಕೇಳುವುದು ಹೇಗೆ?

ಪಾಲಿಟೆಕ್ನಿಕ್ ಮೇಷ್ಟ್ರು

ಮಲಗುವ ಮೊದಲು ಕೇಳುವುದು. ನಾನು ಕೇಳಿದ್ದೆ. ವೈದ್ಯರು ನಕ್ಕು ಪೆಟ್ಟಿಗೆ ತೆರೆದು ತೋರಿಸಿದರು.

ಸಕಲೇಶಪುರದ ಅಡಿಕೆ ತೋಟ

ಎಲೆಅಡಿಕೆ ಎಂದ ತಕ್ಷಣ ಈಗ ಎಲ್ಲರೂ ಮೈಮೇಲೆ ಬೀಳುತ್ತಾರೆ ಎಂದು ಗೊತ್ತು. ನಮ್ಮ ತಾತ ತೊಂಬತ್ತು ವರ್ಷ ಅಡಿಕೆ ಅಗಿದರು. ಹಲ್ಲೆಲ್ಲ ಇದ್ದವು. ಹೊಗೆಸೊಪ್ಪು ಬೇರೆ, ಅಡಿಕೆ ಬೇರೆ. ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯಬೇಡಿ.

ದಂತವೈದ್ಯೆ, ಹಾಸನ

ಹೊಗೆಸೊಪ್ಪು ಬೇರೆ, ಅಡಿಕೆ ಬೇರೆ. ನಿಜ, ಎರಡೂ ಮಾಡುವ ಕೆಡುಕೂ ಬೇರೆ ಬೇರೆ. ಬೀಡಿ, ಸಿಗರೇಟು, ಕಡ್ಡಿಪುಡಿಯಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಗಾಯಕ್ಕೆ ರಕ್ತ ಸಾಲದೆ ಮೂಳೆ ಕಟ್ಟುವುದು ಕುಂಟುತ್ತದೆ. ಧೂಮಪಾನಿಗಳಲ್ಲಿ ಇಂಪ್ಲಾಂಟ್ ಬೀಳುವ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ.

ಅಡಿಕೆಯ ದಾರಿ ಬೇರೆ. ಹೊಗೆಸೊಪ್ಪು ಸೇರಿಸದಿದ್ದರೂ ಅದು ಕೆಲವರಲ್ಲಿ ಕೆನ್ನೆಯ ಒಳಚರ್ಮವನ್ನು ಬಿಗಿ ಮಾಡುತ್ತದೆ, ವರ್ಷ ಕಳೆದಂತೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಎರಡು ಬೆರಳು ಮಾತ್ರ ಹಿಡಿಯುವಷ್ಟು ತೆರೆದ ಬಾಯಲ್ಲಿ ಹಿಂದಿನ ದವಡೆಗೆ ಡ್ರಿಲ್ ಇಳಿಸುವುದು ಹೇಗೆ? ಮುಂದೆ ಅಲ್ಲಿಗೆ ಬ್ರಷ್ ಹೋಗುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ನಿಮ್ಮ ತಾತನವರು ಪುಣ್ಯವಂತರು. ನನ್ನ ಕುರ್ಚಿಯಲ್ಲಿ ಬಂದು ಕೂರುವವರಲ್ಲಿ ಎಲ್ಲರೂ ಅಷ್ಟು ಪುಣ್ಯವಂತರಲ್ಲ.

ಸಕಲೇಶಪುರದ ಅಡಿಕೆ ತೋಟ

ಸರಿ ಮೇಡಂ, ನಾನು ವಾದ ಮಾಡುವುದಿಲ್ಲ. ಮಾರುವವನು ತಿನ್ನಲೇಬೇಕೆಂದು ಕಾನೂನಿಲ್ಲವಲ್ಲ.

ಹೇಮಾವತಿ ದಂಡೆ

ನನ್ನ ಕಥೆ ಹೇಳುತ್ತೇನೆ. ಮೇಲ್ದವಡೆಯಲ್ಲಿ ಹಿಂದಿನ ಹಲ್ಲಿಗೆ ಬೇರೆ ಊರಿನ ಕ್ಲಿನಿಕ್ಕೊಂದರಲ್ಲಿ ಇಂಪ್ಲಾಂಟ್ ಹಾಕಿಸಿದೆ. ಮಗಳ ಮದುವೆ ಹತ್ತಿರ ಬಂದಿತ್ತು. ‘ಒಂದೇ ವಾರದಲ್ಲಿ ಹಲ್ಲು’ ಎಂದು ಬೋರ್ಡಿನಲ್ಲೇ ಬರೆದಿದ್ದರು, ಹಾಗೆಯೇ ಕ್ಯಾಪನ್ನೂ ಕೂರಿಸಿದರು. ನೋವೇನೂ ಇರಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ನಾಲಿಗೆಯಲ್ಲಿ ಒತ್ತಿದರೆ ಅಲ್ಲಾಡುವಂತೆ ಅನ್ನಿಸಿತು. ಹೋಗಿ ತೋರಿಸಿದರೆ ಬೆರಳಿನಲ್ಲೇ ತಿರುಗಿಸಿ ತೆಗೆದರು. ಕೀವಿಲ್ಲ, ಊತವಿಲ್ಲ. ‘ನಿಮ್ಮ ದೇಹ ಒಪ್ಪಲಿಲ್ಲ’ ಎಂದರು. ಹಾಗೆಂದರೇನು ಎಂದು ಇವತ್ತಿಗೂ ಅರ್ಥವಾಗಿಲ್ಲ. ಟೈಟಾನಿಯಂ ಅಲರ್ಜಿಯೇ?

ದಂತವೈದ್ಯೆ, ಹಾಸನ

ಅಕ್ಕ, ಟೈಟಾನಿಯಂ ಅಲರ್ಜಿ ಬಹಳ ಅಪರೂಪ. ನೀವು ಹೇಳಿದ್ದನ್ನು ನೋಡಿದರೆ ಅದಕ್ಕಿಂತ ಸರಳವಾದ ಕಾರಣವೊಂದು ಕಾಣುತ್ತದೆ, ಆದರೂ ಆ ಬಾಯಿಯನ್ನು ಆಗ ನೋಡದ ನಾನು ಖಚಿತವಾಗಿ ಹೇಳಲಾರೆ.

ಹಾಕಿದ ದಿನ ಇಂಪ್ಲಾಂಟ್ ನಿಂತಿರುವುದು ಬರೀ ಬಿಗಿತದಿಂದ. ಮರವನ್ನು ಸ್ಕ್ರೂ ಕಚ್ಚಿಕೊಂಡಿರುವ ರೀತಿಯ ಬಿಗಿತವದು, ಮೂಳೆ ಇನ್ನೂ ಬೆಸೆದಿರುವುದಿಲ್ಲ. ಮುಂದಿನ ವಾರಗಳಲ್ಲಿ ದೇಹ ಸ್ಕ್ರೂವಿನ ಸುತ್ತ ಜಜ್ಜಿಹೋದ ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುತ್ತದೆ. ಹಳೆಯ ಹಿಡಿತ ಸಡಿಲವಾಗಿ ಹೊಸದು ಇನ್ನೂ ಬಲಿಯದ ಹೊತ್ತು ಬರುವುದು ಸಾಮಾನ್ಯವಾಗಿ ಮೂರು ನಾಲ್ಕನೇ ವಾರದ ಆಸುಪಾಸಿನಲ್ಲಿ. ಆಗ ಇಂಪ್ಲಾಂಟ್ ಸುಮಾರು 100ರಿಂದ 150 ಮೈಕ್ರೋಮೀಟರ್‌ಗಿಂತ ಹೆಚ್ಚು ಅಲುಗಿದರೆ ಸುತ್ತ ಮೂಳೆಯ ಬದಲು ನಾರಿನ ಪೊರೆ ಬೆಳೆಯುತ್ತದೆ. ನಾರು ಬೆಳೆದ ಇಂಪ್ಲಾಂಟ್ ನೋಯುವುದಿಲ್ಲ, ಕೀವಾಗುವುದಿಲ್ಲ, ಸುಮ್ಮನೆ ಅಲ್ಲಾಡುತ್ತದೆ.

ಮೊದಲ ದಿನವೇ ಹಲ್ಲು ಕೂರಿಸುವ ಪದ್ಧತಿ ಇದೆ, ಅದು ಮೋಸವಲ್ಲ. ಆದರೆ ಅದಕ್ಕೆ ಬಿಗಿಯುವಾಗ ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರ್ ಆದರೂ ತಿರುಚುಬಲ ಸಿಗಬೇಕು, ಮೂಳೆ ಗಟ್ಟಿಯಿರಬೇಕು, ಅಗಿಯುವ ಭಾರ ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಮೇಲ್ದವಡೆಯ ಹಿಂಭಾಗ ಇದಕ್ಕೆ ಹೇಳಿ ಮಾಡಿಸಿದ ಜಾಗವೇ ಅಲ್ಲ. ಬ್ರೊನೆಮಾರ್ಕ್ ಕಾಲದ ನಿಯಮದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯುತ್ತಿದ್ದರು. ಈಗಿನ ಒರಟು ಮೈಯ ಇಂಪ್ಲಾಂಟ್‌ಗಳಿಂದ ಆ ಅವಧಿ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಆಲೂರು ಬೆಳೆಗಾರ

ಇದು ನಮಗೆ ಅರ್ಥವಾಗುವ ಮಾತು. ತೋಟದ ಬೇಲಿಗೆ ಕಲ್ಲುಕಂಬ ನೆಟ್ಟು, ಬುಡದ ಕಾಂಕ್ರೀಟ್ ಬಲಿಯುವ ಮೊದಲೇ ಮುಳ್ಳುತಂತಿ ಎಳೆದು ಬಿಗಿದರೆ ಕಂಬ ಆ ಮಳೆಗಾಲಕ್ಕೇ ವಾಲುತ್ತದೆ. ಆಮೇಲೆ ‘ಮಣ್ಣು ಒಪ್ಪಲಿಲ್ಲ’ ಎಂದರೆ ಮೇಸ್ತ್ರಿಗೆ ಕೂಲಿ ಕೊಡುವವರು ಯಾರು?

ಹೇಮಾವತಿ ದಂಡೆ

ಈಗಾದರೂ ಗೊತ್ತಾಯಿತು. ಎರಡನೇ ಸಲ ಬೇರೆಯವರ ಹತ್ತಿರ ಮೂಳೆ ತುಂಬಿಸಿ, ತಿಂಗಳುಗಟ್ಟಲೆ ಕಾಯಿಸಿ ಹಾಕಿದರು. ನಾಲ್ಕನೇ ವರ್ಷ ನಡೆಯುತ್ತಿದೆ, ಚಕ್ಕುಲಿ ಕೋಡುಬಳೆ ಎಲ್ಲ ತಿನ್ನುತ್ತೇನೆ.

ಕ್ಯಾಪ್ ಮಾಡುವವನು

ಇಲ್ಲಿಯವರೆಗೆ ಯಾರೂ ನಮ್ಮ ಕಡೆ ತಿರುಗಿ ನೋಡಿಲ್ಲ, ಆದ್ದರಿಂದ ನಾನೇ ಬಂದೆ. ಡೆಂಟಲ್ ಲ್ಯಾಬ್‌ನಲ್ಲಿ ಕ್ಯಾಪ್ ಮಾಡುವ ಕೆಲಸ. ಮೊದಲ ವರ್ಷ ದಾಟಿದ ಇಂಪ್ಲಾಂಟ್ ಆಮೇಲೆ ಕೆಡುವುದರಲ್ಲಿ ಮೇಲಿನ ಹಲ್ಲಿನ ಪಾತ್ರ ದೊಡ್ಡದು.

ಒಂದು, ಸಿಮೆಂಟ್. ಕ್ಯಾಪನ್ನು ಸಿಮೆಂಟ್ ಹಾಕಿ ಅಂಟಿಸುವಾಗ ಹೆಚ್ಚಾದದ್ದು ವಸಡಿನ ಕೆಳಗೆ ಜಾರುತ್ತದೆ. ಪೂರ್ತಿ ತೆಗೆಯದಿದ್ದರೆ ಅಲ್ಲೇ ಗಟ್ಟಿಯಾಗಿ ಕುಳಿತು ವಸಡನ್ನು ಕೆರಳಿಸುತ್ತದೆ. ವರ್ಷಗಳಾದ ಮೇಲೆ ಕೀವಾಗಿ ಬಿಚ್ಚಿದಾಗ ಆ ಸಿಮೆಂಟ್ ಚೂರು ಸಿಗುತ್ತದೆ. ಸ್ಕ್ರೂನಿಂದಲೇ ಬಿಗಿಯುವ ಕ್ಯಾಪ್ ಆದರೆ ಈ ಕಾಟವಿಲ್ಲ, ಬೇಕೆಂದಾಗ ಬಿಚ್ಚಿ ತೊಳೆಯಲೂಬಹುದು. ಸಾಧ್ಯವಿರುವ ಕಡೆ ಅದನ್ನೇ ಕೇಳಿ.

ಇನ್ನೊಂದು, ಆಕಾರ. ಜನರಿಗೆ ಸಂದಿಯಿಲ್ಲದ ದಪ್ಪ ಹಲ್ಲು ಬೇಕು, ಆಹಾರ ಸಿಕ್ಕಿಕೊಳ್ಳಬಾರದು ಎಂದು. ಹಾಗೆ ಉಬ್ಬಿಸಿ ಮಾಡಿದರೆ ಅದರ ಬುಡಕ್ಕೆ ಬ್ರಷ್ ಹೋಗುವುದಿಲ್ಲ. ನಾವು ಮಾಡುವುದು ವೈದ್ಯರು ಬರೆದುಕೊಟ್ಟಂತೆ, ವೈದ್ಯರು ಬರೆಯುವುದು ನೀವು ಹಟ ಹಿಡಿದಂತೆ.

ಕಚ್ಚುವ ಮಟ್ಟವೂ ಹಾಗೆಯೇ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವಿದೆ. ಬಲವಾಗಿ ಕಚ್ಚಿದಾಗ ಹಲ್ಲು ಸ್ವಲ್ಪ ಒಳಗೆ ಇಳಿಯುತ್ತದೆ, 25ರಿಂದ 100 ಮೈಕ್ರೋಮೀಟರ್‌ನಷ್ಟು. ಇಂಪ್ಲಾಂಟ್ ಇಳಿಯುವುದು ಮೂರರಿಂದ ಐದು. ಆದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ಮಾಡಿದರೆ ಜೋರಾಗಿ ಕಚ್ಚಿದಾಗ ಭಾರವೆಲ್ಲ ಇಂಪ್ಲಾಂಟಿನ ಮೇಲೆ ಬೀಳುತ್ತದೆ. ಕೂದಲೆಳೆಯಷ್ಟು ತಗ್ಗಿಸಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಂತೂ ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಲೇಬೇಕು, ಇಲ್ಲದಿದ್ದರೆ ಸ್ಕ್ರೂ ಸಡಿಲವಾಗಿ, ಕ್ಯಾಪ್ ಒಡೆದು ನಮ್ಮ ಬಳಿಗೇ ವಾಪಸ್ ಬರುತ್ತದೆ.

ಮತ್ತೆ ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕ್ಕರ್! ಕಂಪನಿ, ಮಾದರಿ, ಅಳತೆ, ತಯಾರಿಕೆಯ ಲಾಟ್ ಸಂಖ್ಯೆ ಅದರಲ್ಲಿರುತ್ತದೆ. ಒಂದನ್ನು ನಿಮ್ಮ ಫೈಲಿಗೆ ಅಂಟಿಸಿ ಕೊಡಿ ಎನ್ನಿ. ಹತ್ತು ವರ್ಷದ ನಂತರ ಇನ್ನೊಂದು ಊರಿನಲ್ಲಿ ಸ್ಕ್ರೂ ಸಡಿಲವಾದರೆ, ಯಾವ ಕಂಪನಿಯದೆಂದು ಗೊತ್ತಿಲ್ಲದೆ ಬಿಗಿಯುವ ಕೀಲಿಯೇ ಸಿಗುವುದಿಲ್ಲ. ಗ್ಯಾರಂಟಿ ಕಾರ್ಡಿಗಿಂತ ಆ ಸ್ಟಿಕ್ಕರ್‌ಗೆ ಹೆಚ್ಚು ಬೆಲೆ.

ನಿವೃತ್ತ ಗುಮಾಸ್ತ

ಈ ವೇದಿಕೆಯಲ್ಲಿ ದಾಖಲೆಯ ಮಹತ್ವ ಬಲ್ಲ ಇನ್ನೊಬ್ಬರು ಸಿಕ್ಕರು. ಸಂತೋಷ.

ಕೊಬ್ಬರಿ, ಅರಸೀಕೆರೆ

ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನನ್ನ ಹಲ್ಲೆಲ್ಲ ಚಿಕ್ಕಂದಿನಿಂದ ಕಂದು ಕಲೆ. ಇಂಥವರಿಗೆ ಇಂಪ್ಲಾಂಟ್ ಕೂರುತ್ತದೆಯೇ? ಯಾರೋ ಫ್ಲೋರೈಡ್ ಟೈಟಾನಿಯಂ ಅನ್ನು ತಿನ್ನುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು.

ಪಾಲಿಟೆಕ್ನಿಕ್ ಮೇಷ್ಟ್ರು

ಆ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಅರ್ಧ ಸತ್ಯವಿದೆ. ಆಮ್ಲೀಯವಾದ, ಪ್ರಬಲವಾದ ಫ್ಲೋರೈಡ್ ಟೈಟಾನಿಯಂನ ಆಕ್ಸೈಡ್ ಪದರವನ್ನು ಕೊರೆಯಬಲ್ಲದು. ಕ್ಲಿನಿಕ್ಕಿನಲ್ಲಿ ಹುಳುಕು ತಡೆಯಲು ಹಚ್ಚುವ ಆಮ್ಲೀಯ ಜೆಲ್‌ನಲ್ಲಿ ಹತ್ತು ಲಕ್ಷಕ್ಕೆ 12,300 ಭಾಗ ಫ್ಲೋರೈಡ್ ಇರುತ್ತದೆ. ಇಂಪ್ಲಾಂಟ್ ಇರುವ ಬಾಯಿಗೆ ಅದು ಬೇಡ. ಮಾಮೂಲಿ ಟೂತ್‌ಪೇಸ್ಟಿನಲ್ಲಿರುವುದು ಸುಮಾರು ಸಾವಿರ ಭಾಗ, ಆಮ್ಲೀಯವೂ ಅಲ್ಲ. ಅದನ್ನು ಧಾರಾಳವಾಗಿ ಬಳಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದರ ಎರಡು ಮೂರು ಪಟ್ಟಿದ್ದರೂ ಲೋಹಕ್ಕೆ ಏನೂ ಆಗುವುದಿಲ್ಲ. ನಿಮ್ಮ ಕೀಲು, ಬೆನ್ನಿಗೆ ಆಗುತ್ತದೆ, ಆ ನೀರನ್ನು ಶುದ್ಧೀಕರಿಸದೆ ಕುಡಿಯಬೇಡಿ.

ದಂತವೈದ್ಯೆ, ಹಾಸನ

ಕಂದು ಕಲೆ ಇರುವುದು ಹಲ್ಲಿನ ಎನಾಮೆಲ್‌ನಲ್ಲಿ. ಅದೊಂದೇ ಕಾರಣಕ್ಕೆ ಇಂಪ್ಲಾಂಟ್ ಬೇಡ ಎನ್ನುವಂತಿಲ್ಲ. ಕೀಲು ನೋವು, ಬೆನ್ನು ಬಿಗಿತ ಇದ್ದರೆ ಮಾತ್ರ ವೈದ್ಯರಿಗೆ ಹೇಳಿ.

ಬೇಲೂರು ರಸ್ತೆ

ಎಲ್ಲರೂ ಹೆದರಿಸುತ್ತಿದ್ದೀರಿ. ಇಷ್ಟೆಲ್ಲ ತಾಪತ್ರಯವಿದ್ದರೆ ಸುಮ್ಮನೆ ಅಕ್ಕಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರುವ ಬ್ರಿಡ್ಜ್ ಹಾಕಿಸಬಾರದೇ? ಹತ್ತರಲ್ಲಿ ಎಷ್ಟು ಬೀಳುತ್ತವೆ, ಅದನ್ನು ಹೇಳಿ.

ದಂತವೈದ್ಯೆ, ಹಾಸನ

ಹತ್ತು ವರ್ಷಕ್ಕೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಬಾಯಲ್ಲಿ ಉಳಿಯುತ್ತವೆ. ಹೆದರುವ ವಿಷಯವೇ ಅಲ್ಲ. ಆದರೆ ಬಾಯಲ್ಲಿ ಉಳಿಯುವುದು ಬೇರೆ, ಚೆನ್ನಾಗಿರುವುದು ಬೇರೆ. 1986ರಲ್ಲಿ ರೂಪಿಸಿದ ಅಳತೆಗೋಲಿನ ಪ್ರಕಾರ ಇಂಪ್ಲಾಂಟ್ ಅಲ್ಲಾಡಬಾರದು, ನೋವು, ಸೋಂಕು ಇರಬಾರದು, ಎಕ್ಸ್‌ರೇಯಲ್ಲಿ ಸುತ್ತ ಕಪ್ಪು ನೆರಳು ಕಾಣಬಾರದು, ಮೊದಲ ವರ್ಷದ ನಂತರ ಮೂಳೆ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಹೆಚ್ಚು ಸವೆಯಬಾರದು. ಜಾಹೀರಾತಿನಲ್ಲಿ ಹೇಳುವ ಶೇಕಡಾವಾರು ಮೊದಲನೆಯದರದ್ದು, ಎರಡನೆಯದರದ್ದಲ್ಲ.

ಬ್ರಿಡ್ಜ್ ಹಾಕಲು ಅಕ್ಕಪಕ್ಕದ ಹಲ್ಲುಗಳನ್ನು ಅರೆಯಬೇಕು. ಅವುಗಳಿಗೆ ಮೊದಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಜಾಣತನವೇ. ಅವು ಗಟ್ಟಿಮುಟ್ಟಾಗಿದ್ದರೆ ಅರೆಯಲು ನನಗೆ ಮನಸ್ಸು ಬರುವುದಿಲ್ಲ. ಪ್ರಶ್ನಿಸಿದವರ ತಾಯಿಗೆ ಹಿಂದೆ ಆಧಾರಕ್ಕೆ ಹಲ್ಲಿದೆಯೋ ಇಲ್ಲವೋ ಗೊತ್ತಿಲ್ಲ, ಇಲ್ಲದಿದ್ದರೆ ಬ್ರಿಡ್ಜ್ ಪ್ರಶ್ನೆಯೇ ಬರುವುದಿಲ್ಲ.

ಹೊಳೆನರಸೀಪುರದವನು

ಹಿಂದೆ ಹಲ್ಲಿಲ್ಲ ಮೇಡಂ. ಪರೀಕ್ಷೆಗಳ ಫಲಿತಾಂಶ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.6 ಇದೆ. ಉಳಿದ ಹಲ್ಲುಗಳ ವಸಡಿನಲ್ಲಿ ಕೀವು ಇದೆ, ಆಳವಾದ ಸ್ವಚ್ಛತೆ ಆಗಬೇಕು ಎಂದಿದ್ದಾರೆ. ಸ್ಕ್ಯಾನ್‌ನಲ್ಲಿ ಮೂಳೆ ಸಾಕಷ್ಟಿದೆಯಂತೆ. ಇನ್ನೊಂದು ವಿಷಯ: ಮೂಳೆ ಸವೆತಕ್ಕೆಂದು ಅಮ್ಮ ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಹಲ್ಲಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ಅವರು ಯಾರಿಗೂ ಹೇಳಿರಲಿಲ್ಲ.

ದಂತವೈದ್ಯೆ, ಹಾಸನ

ಇಂಜೆಕ್ಷನ್ ವಿಷಯವನ್ನು ಇವತ್ತೇ ಆ ವೈದ್ಯರಿಗೆ ಹೇಳಿ. ವರ್ಷಕ್ಕೊಮ್ಮೆ ಎಂದರೆ ಬಹುಶಃ ಜೊಲೆಡ್ರೊನಿಕ್ ಆಮ್ಲ. ಇಂತಹ ಔಷಧಗಳು ಮೂಳೆ ಕರಗುವುದನ್ನು ತಡೆಯುತ್ತವೆ, ಜೊತೆಗೆ ದವಡೆಯ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಕೆಲಸವನ್ನೂ ನಿಧಾನಿಸುತ್ತವೆ. ಕೆಲವರಲ್ಲಿ ಹಲ್ಲು ಕಿತ್ತ ಅಥವಾ ಕೊರೆದ ಜಾಗದ ಮೂಳೆ ವಾಸಿಯಾಗದೆ ಕೊಳೆಯುವುದುಂಟು, ಇದನ್ನು ಮೊದಲು ವರದಿ ಮಾಡಿದ್ದು 2003ರಲ್ಲಿ. ಕ್ಯಾನ್ಸರ್‌ಗೆಂದು ಪದೇ ಪದೇ ದೊಡ್ಡ ಪ್ರಮಾಣದಲ್ಲಿ ಪಡೆಯುವವರಲ್ಲಿ ಅಪಾಯ ಹೆಚ್ಚು, ಅವರಿಗೆ ಇಂಪ್ಲಾಂಟ್ ಬೇಡ ಎನ್ನುತ್ತೇವೆ. ಮೂಳೆ ಸವೆತಕ್ಕೆ ಪಡೆಯುವವರಲ್ಲಿ ಅಪಾಯ ಬಹಳ ಕಡಿಮೆ. ಆದರೂ ಎಷ್ಟು ವರ್ಷದಿಂದ, ಕೊನೆಯದು ಯಾವಾಗ ಎಂಬ ಲೆಕ್ಕ ಬೇಕು. ತಾವಾಗಿ ಇಂಜೆಕ್ಷನ್ ನಿಲ್ಲಿಸುವುದು ಮಾತ್ರ ಬೇಡ. ಕೆಲವು ಇಂಜೆಕ್ಷನ್‌ಗಳನ್ನು ದಿಢೀರ್ ನಿಲ್ಲಿಸಿದರೆ ಬೆನ್ನುಮೂಳೆ ಮುರಿಯುವ ಸಂಭವವಿದೆ. ಎರಡೂ ಕಡೆಯ ವೈದ್ಯರು ಮಾತನಾಡಿಕೊಂಡು ತೀರ್ಮಾನಿಸಲಿ.

8.6 ಇಟ್ಟುಕೊಂಡು ಹಾಕಿಸಬೇಡಿ. ಸಕ್ಕರೆ ಕಾಯಿಲೆ ಇರುವುದೇ ಅಡ್ಡಿಯಲ್ಲ. 7ರ ಆಸುಪಾಸಿನಲ್ಲಿ ಹತೋಟಿಯಲ್ಲಿಟ್ಟುಕೊಂಡವರ ಇಂಪ್ಲಾಂಟ್‌ಗಳು ಉಳಿದವರದಷ್ಟೇ ಚೆನ್ನಾಗಿ ನಿಲ್ಲುತ್ತವೆ. ಮೇಲಿದ್ದರೆ ಮೂಳೆ ಕಟ್ಟುವ ಕೋಶಗಳೂ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಮಂಕಾಗುತ್ತವೆ.

ವಸಡಿನ ಕೀವು ನನಗೆ ಸಕ್ಕರೆಗಿಂತ ಹೆಚ್ಚು ಚಿಂತೆ ತರುವ ವಿಷಯ. ಹಲ್ಲು ಕೀಳಿಸಿದ್ದು ಯಾವ ರೋಗದಿಂದಲೋ ಅದೇ ಕ್ರಿಮಿಗಳು ಬಾಯಲ್ಲೇ ಇವೆ. ಸ್ವಂತ ಹಲ್ಲಿನಲ್ಲಿ ವಸಡಿನ ನಾರುಗಳು ಬೇರಿನೊಳಗೆ ಅಡ್ಡಲಾಗಿ ನಾಟಿಕೊಂಡು ತಡೆಗೋಡೆಯಾಗುತ್ತವೆ. ಇಂಪ್ಲಾಂಟಿನ ಸುತ್ತ ಅವು ಬರೀ ಸುತ್ತುವರಿದಿರುತ್ತವೆ, ನಾಟಿಕೊಳ್ಳುವುದಿಲ್ಲ. ಹಾಗಾಗಿ ಸೋಂಕು ಶುರುವಾದರೆ ಮೂಳೆಗೆ ಬೇಗ ಇಳಿಯುತ್ತದೆ. ವಸಡು ಕೆಂಪಾಗಿ ರಕ್ತ ಬರುವ ಹಂತದಲ್ಲೇ ಹಿಡಿದರೆ ಪೂರ್ತಿ ವಾಸಿಮಾಡಬಹುದು. ಮೂಳೆಗೆ ಇಳಿದ ಮೇಲೆ ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಕಷ್ಟ. ನೋವು ಬರುವುದಂತೂ ಕಟ್ಟಕಡೆಗೆ. ಅದಕ್ಕೇ ನೋಯುವವರೆಗೆ ಕಾಯದೆ ಆರು ತಿಂಗಳಿಗೊಮ್ಮೆ ಬನ್ನಿ ಎಂದು ನಾವು ಬಡಿದುಕೊಳ್ಳುವುದು. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ವಿದ್ಯಾನಗರದ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನಲ್ಲಿ ವಸಡಿನ ವಿಭಾಗವೂ ಕೃತಕ ದಂತ ವಿಭಾಗವೂ ಒಂದೇ ಸೂರಿನಡಿ ಇವೆ.

ಬಿ.ಎಂ. ರಸ್ತೆ

ಸ್ವಿಸ್ ಎಂದು ಹೇಳಿದ್ದೆ. ಈಗ ಏನೂ ಹೇಳುವುದಿಲ್ಲ. ಹಾಸನಾಂಬೆಯ ಹೊತ್ತಿಗೆ ಅಂತೂ ಆಗುವುದಿಲ್ಲ ಬಿಡಿ.

ಹೊಳೆನರಸೀಪುರದವನು

ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ. ಸಕ್ಕರೆ 7.1ಕ್ಕೆ ಇಳಿದಿದೆ. ವಸಡಿನ ಚಿಕಿತ್ಸೆ ಮುಗಿದಿದೆ, ರಕ್ತ ಬರುವುದು ನಿಂತಿದೆ. ಇಂಜೆಕ್ಷನ್ ಕೊಡುವ ವೈದ್ಯರೂ ದಂತವೈದ್ಯರೂ ಫೋನಿನಲ್ಲಿ ಮಾತನಾಡಿ ದಿನ ಗೊತ್ತುಮಾಡಿದರು. ಪಟ್ಟಿ ಕೊಟ್ಟವರ ಹತ್ತಿರವೇ, ಕೊರಿಯಾದ್ದೇ, ಎರಡು ಹಾಕಿಸಿದೆವು. ಮೂರು ತಿಂಗಳ ನಂತರ ಕ್ಯಾಪ್, ಸ್ಕ್ರೂ ಬಿಗಿಯುವ ಬಗೆಯದು. ಸ್ಟಿಕ್ಕರ್ ಫೈಲಿನಲ್ಲಿದೆ. ತಮ್ಮ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಎಲೆಅಡಿಕೆ ಬಿಡಿಸುವುದು ಮಾತ್ರ ನಮ್ಮಿಂದ ಆಗಿಲ್ಲ, ದಿನಕ್ಕೆ ಒಂದಕ್ಕೆ ಇಳಿದಿದೆ ಎನ್ನುತ್ತಾರೆ. ಲೆಕ್ಕ ಅವರದೇ.

ಚನ್ನರಾಯಪಟ್ಟಣದ ಹೊಸಬ

ತಡವಾಗಿ ಓದಿದೆ. ನನ್ನ ತಂದೆಗೆ ಮೂರು ಇಂಪ್ಲಾಂಟ್ ಇವೆ. ಈಗ ತಲೆಯ ಎಂಆರ್‌ಐ ಮಾಡಿಸಬೇಕು. ಲೋಹ ಇದೆ ಎಂದರೆ ಒಳಗೆ ಬಿಡುತ್ತಾರೆಯೇ?

ಪಾಲಿಟೆಕ್ನಿಕ್ ಮೇಷ್ಟ್ರು

ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಎಳೆಯುವುದೂ ಇಲ್ಲ, ಕಿತ್ತುಬರುವುದೂ ಇಲ್ಲ.

ದಂತವೈದ್ಯೆ, ಹಾಸನ

ದವಡೆಯ ಹತ್ತಿರದ ಚಿತ್ರ ಸ್ವಲ್ಪ ಮಸುಕಾಗಬಹುದು, ಮೆದುಳಿನ ಚಿತ್ರಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಇಂಪ್ಲಾಂಟಿನ ಮೇಲೆ ತೆಗೆದು ಹಾಕುವ ಹಲ್ಲು ಸೆಟ್ ಇದ್ದು, ಅದು ಅಯಸ್ಕಾಂತದಿಂದ ಕೂರುವ ಬಗೆಯದಾದರೆ ಸೆಟ್ ತೆಗೆದಿಟ್ಟು ಹೋಗಬೇಕು, ಬಾಯಲ್ಲಿ ಉಳಿಯುವ ಭಾಗದ ವಿಷಯವನ್ನು ಮೊದಲೇ ಸ್ಕ್ಯಾನ್ ಕೇಂದ್ರಕ್ಕೆ ತಿಳಿಸಬೇಕು. ಫೈಲ್ ಇದ್ದರೆ ಜೊತೆಗೆ ಒಯ್ಯಿರಿ.